ಅಂಗಡಿಗೆ ಓಡುವ ಮುನ್ನ

ಕೇಳುಗರಿಗೆ ನಮಸ್ಕಾರ. ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡಿರುವವರಲ್ಲಿ ಬಿಸಿಎ ಅಥವಾ ಎಂಜಿನಿಯರಿಂಗ್ ಓದುತ್ತಿರುವವರು, ಹೊಸದಾಗಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವರು ಹೆಚ್ಚಾಗಿರಬಹುದೆಂದು ಭಾವಿಸಿಕೊಂಡು ಮಾತನಾಡುತ್ತೇನೆ. ವೆಬ್ ಪುಟಗಳಿಗೆ ಜೀವ ತುಂಬುವ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಲೋಕದ ಹೊಸ ಸುದ್ದಿ, ಹೊಸ ಸಲಕರಣೆಗಳ ಬಗ್ಗೆ ಹೇಳಬೇಕೆಂದು ನಿಲಯದವರು ಕೇಳಿದ್ದಾರೆ. ಹೊಸ ಸಲಕರಣೆಗಳೇನೋ ವಾರಕ್ಕೊಂದರಂತೆ ಬರುತ್ತವೆ, ಅವುಗಳ ಪಟ್ಟಿ ಓದುವುದಕ್ಕೆ ನಾನೇ ಬೇಕಾಗಿಲ್ಲ. ನಾನು ಹೇಳುವುದು ಒಂದೇ ಮಾತು. ಹೊರಗಿನಿಂದ ಪ್ಯಾಕೇಜ್ ತರುವ ಮುನ್ನ, ಆ ಕೆಲಸ ಭಾಷೆಯಲ್ಲೇ ಆಗುತ್ತದೆಯೇ ಎಂದು ನೋಡಿ.

ಪ್ಯಾಕೇಜ್ ಎಂದರೆ ಬೇರೆ ಯಾರೋ ಬರೆದು, ನೀವೂ ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟ ಪ್ರೋಗ್ರಾಂ. ಇಂಥವನ್ನೆಲ್ಲ ಪೇರಿಸಿಟ್ಟಿರುವ ದೊಡ್ಡ ಉಗ್ರಾಣ ಎನ್‌ಪಿಎಂ, 2010ರಿಂದ ನಡೆಯುತ್ತಿದೆ. 'ಎನ್‌ಪಿಎಂ ಇನ್‌ಸ್ಟಾಲ್' ಎಂದು ಒಂದು ಸಾಲು ಬರೆದರೆ ಸಾಮಾನು ಮನೆಗೆ ಬಂದು ಬೀಳುತ್ತದೆ. ಬರುವುದು ನೀವು ಕೇಳಿದ್ದಷ್ಟೇ ಅಲ್ಲ. ಅದಕ್ಕೆ ಬೇಕಾದ ಪ್ಯಾಕೇಜುಗಳು, ಅವಕ್ಕೆ ಬೇಕಾದ ಇನ್ನಷ್ಟು, ಹೀಗೆ ಒಬ್ಬರನ್ನು ಊಟಕ್ಕೆ ಕರೆದರೆ ಅವರ ನೆಂಟರ ನೆಂಟರೂ ಎಲೆಯ ಮುಂದೆ ಕುಳಿತಿರುತ್ತಾರೆ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ನಾನು ಪ್ರತಿ ತರಗತಿಯಲ್ಲೂ ಹೇಳುವ ಕಥೆಯೊಂದಿದೆ. ಅಜೆರ್ ಕೋಚುಲು ಎಂಬ ಟರ್ಕಿ ಮೂಲದ ಪ್ರೋಗ್ರಾಮರ್ ಎನ್‌ಪಿಎಂ ಉಗ್ರಾಣದಲ್ಲಿ 270ಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಇಟ್ಟಿದ್ದರು. ಅವುಗಳಲ್ಲಿ ಒಂದರ ಹೆಸರು ಕಿಕ್. ಕೆನಡಾದಲ್ಲಿ ಅದೇ ಹೆಸರಿನ ಮೆಸೇಜಿಂಗ್ ಕಂಪನಿಯೊಂದಿತ್ತು, ಆ ಹೆಸರು ತಮಗೆ ಬೇಕೆಂದು ಅವರು ಕೇಳಿದರು, ಇವರು ಕೊಡುವುದಿಲ್ಲ ಎಂದರು. ಕೊನೆಗೆ ಎನ್‌ಪಿಎಂನವರು ಹೆಸರನ್ನು ಕಂಪನಿಗೆ ಕೊಡಲು ತೀರ್ಮಾನಿಸಿದಾಗ, ಹಾಗಾದರೆ ನನ್ನದೊಂದೂ ಇಲ್ಲಿರುವುದು ಬೇಡವೆಂದು ಕೋಚುಲು ತಮ್ಮ ಎಲ್ಲ ಪ್ಯಾಕೇಜುಗಳನ್ನೂ ತೆಗೆದುಬಿಟ್ಟರು. 2016ರ ಮಾರ್ಚ್ 22ರ ಮಾತು ಇದು.

ಹಾಗೆ ಹೋದವುಗಳಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜೂ ಇತ್ತು. ಅದರ ಕೆಲಸವನ್ನು ಕೇಳಿದರೆ ನಿಮಗೆ ನಗು ಬರುತ್ತದೆ. ರೋಲ್ ನಂಬರ್ 7 ಎಂದು ಕೊಟ್ಟರೆ ಎಡಗಡೆಗೆ ಸೊನ್ನೆಗಳನ್ನು ಸೇರಿಸಿ 007 ಮಾಡಿಕೊಡುವುದು, ಅಷ್ಟೇ. ಮೊದಲನೆಯ ಸೆಮಿಸ್ಟರ್‌ನಲ್ಲಿರುವವರು ಕಾಫಿ ಆರುವುದರೊಳಗೆ ಬರೆದು ಮುಗಿಸಬಹುದಾದದ್ದು. ಆದರೆ ಅದು ಕಾಣೆಯಾದ ಕೂಡಲೇ ಜಗತ್ತಿನಾದ್ಯಂತ ನಿಮಿಷಕ್ಕೆ ನೂರಾರು ಇನ್‌ಸ್ಟಾಲ್‌ಗಳು ಮುರಿದುಬೀಳತೊಡಗಿದವು. ಹೊಸ ಜಾವಾಸ್ಕ್ರಿಪ್ಟನ್ನು ಹಳೆಯ ಬ್ರೌಸರ್‌ಗಳಿಗೂ ತಿಳಿಯುವಂತೆ ಬದಲಿಸಿಕೊಡುವ ಬೇಬಲ್‌ನಂಥ ಹೆಸರಾಂತ ಸಲಕರಣೆಯನ್ನು ತರಲು ಹೋದವರಿಗೂ, ಜನ್ಮದಲ್ಲಿ ಕೇಳಿರದ ಲೆಫ್ಟ್‌ಪ್ಯಾಡ್ ಎಂಬ ವಸ್ತು ಸಿಗುತ್ತಿಲ್ಲವೆಂಬ ಸಂದೇಶ ಬಂತು. ಬೇಬಲ್ ತಾನಾಗಿ ಅದನ್ನು ಕೇಳಿರಲಿಲ್ಲ. ಸಾಲುಗಳಿಗೆ ಸಂಖ್ಯೆ ಹಾಕುವ ಇನ್ನೊಂದು ಪ್ಯಾಕೇಜಿನ ಬೆನ್ನಿಗೆ ಅಂಟಿಕೊಂಡು ಅದು ಒಳಗೆ ಬಂದಿತ್ತು.

ಮುಂದಿನದು ಇನ್ನೂ ಸೊಗಸಾಗಿದೆ. ಹತ್ತೇ ನಿಮಿಷದಲ್ಲಿ ಪುಣ್ಯಾತ್ಮರೊಬ್ಬರು ಅದೇ ಕೆಲಸ ಮಾಡುವ ಪ್ಯಾಕೇಜನ್ನು ಅದೇ ಹೆಸರಿನಲ್ಲಿ ಹಾಕಿದರು. ಆದರೂ ರಗಳೆ ನಿಲ್ಲಲಿಲ್ಲ, ಏಕೆಂದರೆ ಅವರು ಹಾಕಿದ್ದು 1.0.0 ಆವೃತ್ತಿ, ಆ ಸಂಖ್ಯೆ ಹಾಕುವ ಪ್ಯಾಕೇಜು ಪಟ್ಟುಹಿಡಿದು ಕೇಳುತ್ತಿದ್ದದ್ದು 0.0.3. ಕೊನೆಗೆ ಎನ್‌ಪಿಎಂನವರೇ ತಮ್ಮ ಬ್ಯಾಕಪ್‌ನಿಂದ ಹಳೆಯದನ್ನು ಎತ್ತಿ ತಂದು ಇಡಬೇಕಾಯಿತು. ಎಲ್ಲ ಸೇರಿ ಸುಮಾರು ಎರಡೂವರೆ ಗಂಟೆ. ಕ್ಯಾಲಿಫೋರ್ನಿಯಾದಲ್ಲಿ ಮಧ್ಯಾಹ್ನ ಶುರುವಾದದ್ದರಿಂದ ನಮಗದು ಬೆಳಗಿನ ಜಾವ ಮೂರು ಗಂಟೆ, ಹಾಗಾಗಿ ರಾತ್ರಿ ಪಾಳಿಯವರನ್ನು ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರು ಎದ್ದು ಹಲ್ಲುಜ್ಜುವ ವೇಳೆಗೆ ಎಲ್ಲವೂ ಸರಿಹೋಗಿತ್ತು. ಒಮ್ಮೆ ಇಟ್ಟ ಪ್ಯಾಕೇಜನ್ನು ಮನಸ್ಸು ಬಂದಂತೆ ತೆಗೆಯಲು ಬಾರದ ಹಾಗೆ ಎನ್‌ಪಿಎಂ ತನ್ನ ನಿಯಮವನ್ನು ಬದಲಿಸಿದ್ದು ಆಮೇಲೆಯೇ.

ಈಗ ನನ್ನ ಮಾತಿಗೆ ಬರುತ್ತೇನೆ. ಸೊನ್ನೆ ಸೇರಿಸುವ ಆ ಕೆಲಸಕ್ಕೆ 2017ರ ಆವೃತ್ತಿಯಿಂದ ಜಾವಾಸ್ಕ್ರಿಪ್ಟ್ ಭಾಷೆಯಲ್ಲೇ 'ಪ್ಯಾಡ್‌ಸ್ಟಾರ್ಟ್' ಇದೆ. ಇಷ್ಟು ವರ್ಷಗಳಾದ ಮೇಲೂ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಇಂಥದ್ದಕ್ಕೆ ಪ್ಯಾಕೇಜು ತಂದಿರುವುದನ್ನು ಕಂಡಾಗ, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರೆಂಬ ಗಾದೆಯನ್ನು ಗಟ್ಟಿಯಾಗಿಯೇ ಹೇಳಿಬಿಡುತ್ತೇನೆ. ದಿನಾಂಕವನ್ನು ಕನ್ನಡದಲ್ಲಿ ತೋರಿಸಬೇಕೇ? 'ಕೆಎನ್ ಹೈಫನ್ ಐಎನ್' ಎಂದು ಭಾಷೆಯ ಗುರುತು ಕೊಟ್ಟರೆ ವಾರ, ತಿಂಗಳ ಹೆಸರುಗಳನ್ನು ಜಾವಾಸ್ಕ್ರಿಪ್ಟ್ ತಾನೇ ಕನ್ನಡದಲ್ಲಿ ಕೊಡುತ್ತದೆ. ಇದಕ್ಕಾಗಿಯೇ ಮೊಮೆಂಟ್ ಎಂಬ ದಿನಾಂಕದ ಪ್ಯಾಕೇಜನ್ನು ತರುವವರಿದ್ದಾರೆ, ಹೊಸ ಪ್ರಾಜೆಕ್ಟಿಗೆ ಅದು ಬೇಡವೆಂದು ಮೊಮೆಂಟ್ ತಂಡದವರೇ 2020ರಲ್ಲಿ ಹೇಳಿಯಾಗಿದೆ. ಬೇರೆ ಸರ್ವರ್‌ನಿಂದ ಮಾಹಿತಿ ತರಿಸುವ 'ಫೆಚ್', ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟನ್ನು ಓಡಿಸುವ ನೋಡ್ ಎಂಬ ತಂತ್ರಾಂಶದ 18ನೆಯ ಆವೃತ್ತಿಯಿಂದ ಒಳಗೇ ಇದೆ. ಬರೆದ ಪ್ರೋಗ್ರಾಂ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳನ್ನು ಓಡಿಸುವ ಸೌಲಭ್ಯವೂ ಅದರಲ್ಲಿದೆ. ಮೊದಲು ಮನೆಯ ಡಬ್ಬಿ ತೆರೆದು ನೋಡಿ.

ನನಗೆ ಕೊಟ್ಟ ಸಮಯದ ದೊಡ್ಡ ಪಾಲನ್ನು ಲೆಫ್ಟ್‌ಪ್ಯಾಡ್ ತಿಂದುಹಾಕಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ಯಾಕೇಜು ಕಾಣೆಯಾಗುವುದು ಸಣ್ಣ ತೊಂದರೆ, ಅದರೊಳಗೆ ಕಳ್ಳ ಕೂರುವುದು ದೊಡ್ಡದು. 2025ರ ಸೆಪ್ಟೆಂಬರ್‌ನಲ್ಲಿ ಸುಳ್ಳು ಇಮೇಲ್ ಒಂದನ್ನು ಕಳುಹಿಸಿ ಒಬ್ಬ ಲೇಖಕರ ಖಾತೆಯನ್ನು ಕದ್ದವರು, ವಾರಕ್ಕೆ ಎಲ್ಲ ಸೇರಿ ಇನ್ನೂರು ಕೋಟಿಗೂ ಹೆಚ್ಚು ಬಾರಿ ಇಳಿಸಿಕೊಳ್ಳುವ ಪ್ಯಾಕೇಜುಗಳಲ್ಲಿ ಕ್ರಿಪ್ಟೊ ಹಣ ಕದಿಯುವ ಸಾಲುಗಳನ್ನು ಸೇರಿಸಿದ್ದರು. ಅವುಗಳಲ್ಲಿ ಚಾಕ್ ಎಂಬುದೂ ಒಂದು. ಅದು ಮಾಡುವುದು ಆಜ್ಞೆಗಳನ್ನು ಬರೆಯುವ ಪರದೆಯಾದ ಟರ್ಮಿನಲ್‌ನ ಅಕ್ಷರಗಳಿಗೆ ಬಣ್ಣ ಬಳಿಯುವ ಕೆಲಸ. ಈಗ ನೋಡ್‌ನಲ್ಲೇ 'ಸ್ಟೈಲ್‌ಟೆಕ್ಸ್ಟ್' ಇದೆ.

ಇವತ್ತು ರಾತ್ರಿ ನಿಮ್ಮ ಪ್ರಾಜೆಕ್ಟನ್ನು ತೆರೆದು, ಎನ್‌ಪಿಎಂ ಎಂದು ಬರೆದು ಜಾಗ ಬಿಟ್ಟು ಎಲ್‌ಎಸ್, ಮತ್ತೆ ಜಾಗ ಬಿಟ್ಟು ಎರಡು ಅಡ್ಡಗೆರೆ ಹಾಕಿ ಆಲ್ ಎಂದು ಕೊಡಿ. ಊಟಕ್ಕೆ ಬಂದು ಕುಳಿತ ನೆಂಟರೆಲ್ಲ ಸಾಲಾಗಿ ಕಾಣಿಸುತ್ತಾರೆ. ಯಾರನ್ನು ಏಕೆ ಕರೆದಿರೆಂದು ಹೇಳಲಾಗದಿದ್ದರೆ ಕಳುಹಿಸಿಬಿಡಿ. ಯಾವ ಪ್ಯಾಕೇಜಿನ ಯಾವ ಆವೃತ್ತಿ ಬಂದಿದೆ ಎಂದು ಬರೆದಿಡುವ ಪ್ಯಾಕೇಜ್‌ಲಾಕ್ ಕಡತದ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಹೊತ್ತಾಯಿತು. ಅದನ್ನು ಅಳಿಸಬೇಡಿ, ಪ್ರೋಗ್ರಾಂನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ಗೆ ಸೇರಿಸಿ. ನಮಸ್ಕಾರ.