ಲೆಪ್ರಿಕಾನ್ ರಾಜನ ಕಾಲ್‌ಶೀಟ್

ಸ್ನೇಹಿತರೇ, ಇವತ್ತು ಒಂದು ಹಳೇ ಸಿನಿಮಾ ಪ್ರಚಾರದ ಬಗ್ಗೆ ಮಾತಾಡೋಣ. ಹೌದು, ಪ್ರಚಾರವೇ. ಆದರೆ ಇಷ್ಟು ಪ್ರೀತಿಯಿಂದ ಮಾಡಿದ ಪ್ರಚಾರವನ್ನು ನಾನಂತೂ ಇನ್ನೊಂದು ನೋಡಿಲ್ಲ.

1959ರ ಮೇ 29ಕ್ಕೆ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 'ಐ ಕ್ಯಾಪ್ಚರ್ಡ್ ದ ಕಿಂಗ್ ಆಫ್ ದ ಲೆಪ್ರಿಕಾನ್ಸ್' ಅಂತ ಒಂದು ಕಾರ್ಯಕ್ರಮ ಬಂತು, ಬಿಡುಗಡೆಗೆ ಸಿದ್ಧವಾಗಿದ್ದ ಒಂದು ಸಿನಿಮಾದ ಪ್ರಚಾರಕ್ಕೆ. ಲೆಪ್ರಿಕಾನ್‌ಗಳ ರಾಜನನ್ನು ನಾನು ಹಿಡಿದೆ ಅಂತ ಅರ್ಥ. ಲೆಪ್ರಿಕಾನ್ ಅಂದರೆ ಐರ್ಲೆಂಡಿನ ಜನಪದ ಕಥೆಗಳಲ್ಲಿ ಬರೋ ಮಾಯಾವಿ ಕುಳ್ಳ. ಹಿಡಿದವರು ಯಾರು? ವಾಲ್ಟ್ ಡಿಸ್ನಿ. ನಟ ಪ್ಯಾಟ್ ಓಬ್ರಯನ್ ಹತ್ತಿರ ಐರ್ಲೆಂಡಿನ ಕಥೆ ಕೇಳ್ತಾರೆ, ಅಲ್ಲಿಗೇ ಹೋಗ್ತಾರೆ, ಡಾರ್ಬಿ ಓಗಿಲ್ ಅನ್ನೋ ಮುದುಕನನ್ನು ಹುಡುಕ್ತಾರೆ, ಕೊನೆಗೆ ರಾಜ ಬ್ರಯನ್ ಮುಂದೆ ಕೂತು 'ನನ್ನ ಸಿನಿಮಾದಲ್ಲಿ ನಟಿಸಬೇಕು' ಅಂತ ಒಪ್ಪಿಸ್ತಾರೆ. ಡಾರ್ಬಿ ಅಂದರೆ ಸಿನಿಮಾದಲ್ಲಿ ಆ ಪಾತ್ರ ಮಾಡಿದ ಆಲ್ಬರ್ಟ್ ಶಾರ್ಪ್. ರಾಜ ಅಂದರೆ ಡಬ್ಲಿನ್ ರಂಗಭೂಮಿಯ ದೊಡ್ಡ ಹಾಸ್ಯನಟ ಜಿಮ್ಮಿ ಓಡೀ. ಆದರೆ ಇವರೆಲ್ಲ ನಟರು ಅಂತ ಕಾರ್ಯಕ್ರಮ ಎಲ್ಲೂ ಬಾಯಿ ಬಿಡೋದಿಲ್ಲ. 'ಲೆಪ್ರಿಕಾನ್‌ಗಳು ಇದ್ದಾರೆ, ನಾನು ಹೋಗಿ ಮಾತಾಡಿಕೊಂಡು ಬಂದೆ' ಅಂತಾರೆ ಡಿಸ್ನಿ, ಅಷ್ಟೇ.

ನನಗೆ ಇಷ್ಟವಾಗಿದ್ದೇ ಅದು. ಕಥೆ ಹೇಳೋರು ಎಲ್ಲ ಕಾಲದಲ್ಲೂ ಮಾಡೋದು ಇದನ್ನೇ ಅಲ್ವಾ? ಒಂದೂರಲ್ಲಿ ಒಬ್ಬ ಇದ್ದ ಅಂದರೆ ಅದು ಸುಮ್ನೆ ಕಥೆ. 'ನಾನೇ ನೋಡಿದೆ, ಆ ಗುಡ್ಡದ ಕೆಳಗೆ, ಕತ್ತಲಾಗ್ತಾ ಇತ್ತು' ಅಂದ ತಕ್ಷಣ ಕೇಳೋರು ಹತ್ತಿರ ಸರಿದು ಕೂರ್ತಾರೆ. ಡಿಸ್ನಿ ಆ ಸಾಕ್ಷಿಯ ಜಾಗದಲ್ಲಿ ತಾವೇ ನಿಂತುಕೊಂಡರು.

ಈಗ ಆ ಸಿನಿಮಾದ ವಿಷಯಕ್ಕೆ ಬರ್ತೀನಿ. 'ಡಾರ್ಬಿ ಓಗಿಲ್ ಅಂಡ್ ದ ಲಿಟಲ್ ಪೀಪಲ್', ಅದೇ ವರ್ಷ ಬಂತು. ಜೇಮ್ಸ್ ಬಾಂಡ್ ಆಗೋಕೆ ಮೊದಲು ಶಾನ್ ಕಾನರಿ ಇದರಲ್ಲಿ ಹಾಡೂ ಹಾಡಿದ್ದಾರೆ, ಅದು ಇರಲಿ. ಗುಡ್ಡದೊಳಗಿನ ಸಿಂಹಾಸನದ ಕೋಣೆಯ ದೃಶ್ಯ ನೋಡಿ. ಡಾರ್ಬಿ ಪಿಟೀಲು ನುಡಿಸ್ತಾನೆ, ಅವನ ಮೊಣಕಾಲಿನ ಎತ್ತರದ ಜನ ಸುತ್ತ ಕುಣೀತಾರೆ. ಕಂಪ್ಯೂಟರ್ ಇಲ್ಲದ ಕಾಲ. ಹಾಗಾದರೆ ಹೇಗೆ? ಡಾರ್ಬಿಯನ್ನು ಕ್ಯಾಮೆರಾ ಹತ್ತಿರ ನಿಲ್ಲಿಸಿದರು, ಕುಣಿಯೋರನ್ನು ತುಂಬಾ ಹಿಂದೆ ನಿಲ್ಲಿಸಿದರು, ಎರಡೂ ಕಡೆಯ ನೆಲ ಒಂದೇ ನೆಲದ ಹಾಗೆ ಕಾಣೋ ತರ ಸೆಟ್ ಜೋಡಿಸಿದರು. ದೂರದಲ್ಲಿರೋರು ಚಿಕ್ಕದಾಗಿ ಕಾಣ್ತಾರೆ, ಅಷ್ಟೇ ಗುಟ್ಟು. ಆದರೆ ಹತ್ತಿರದ್ದೂ ದೂರದ್ದೂ ಎರಡೂ ಸ್ಪಷ್ಟವಾಗಿ ಕಾಣಬೇಕಲ್ಲ? ಅದಕ್ಕೆ ಲೆನ್ಸಿನ ಬಾಯಿ ತುಂಬಾ ಕಿರಿದು ಮಾಡಬೇಕು, ಆಗ ಬೆಳಕು ಸಾಲೋದಿಲ್ಲ, ಹಾಗಾಗಿ ಸೆಟ್ ತುಂಬ ದೀಪ, ಇನ್ನೂ ದೀಪ, ಆ ಶಾಖದಲ್ಲೇ ನಟನೆ. ಇದಕ್ಕಿಂತ ಕಷ್ಟದ್ದು ಏನು ಗೊತ್ತಾ? ನಟರು ಒಬ್ಬರನ್ನೊಬ್ಬರು ನೋಡೋ ಹಾಗಿಲ್ಲ. ರಾಜ ಕಾಲ ಹತ್ತಿರ ಇದ್ದಾನೆ ಅಂದುಕೊಂಡು ಡಾರ್ಬಿ ಖಾಲಿ ಜಾಗ ನೋಡಿ ಮಾತಾಡಬೇಕು, ಅಲ್ಲೆಲ್ಲೋ ದೂರದಲ್ಲಿ ರಾಜ ಕೂಡ ಖಾಲಿ ಗಾಳಿಗೆ ಕತ್ತೆತ್ತಿ ಜಗಳ ಆಡಬೇಕು. ಆ ಎರಡು ನೋಟ ಒಂದಕ್ಕೊಂದು ಕೂಡಿದಾಗ ನನಗೆ ಈಗಲೂ ಮೈ ಜುಮ್ ಅನ್ನುತ್ತೆ. ಸಿನಿಮಾದಲ್ಲಿ ಕಾಣೋ ಐರ್ಲೆಂಡ್ ಕೂಡ ಕ್ಯಾಲಿಫೋರ್ನಿಯಾದಲ್ಲಿ ಹಾಕಿದ ಸೆಟ್ಟು, ಜೊತೆಗೆ ಪೀಟರ್ ಎಲೆನ್‌ಶಾ ಬಿಡಿಸಿದ ಚಿತ್ರಗಳು.

ಈ ಗುಟ್ಟೆಲ್ಲ ತಿಳಿಯೋದು ನನಗೂ ಖುಷಿಯೇ. ಆದರೆ ಮೊದಲು ನಂಬಿಸಬೇಕು, ಗುಟ್ಟು ಆಮೇಲೆ ಬರಬೇಕು. ಈಗ ಸಿನಿಮಾ ಬಿಡುಗಡೆಗೆ ಮೊದಲೇ ಮೇಕಿಂಗ್ ವಿಡಿಯೋ ಬಿಡ್ತಾರೆ, ಹಸಿರು ಪರದೆ ಮುಂದೆ ಹಗ್ಗಕ್ಕೆ ನೇತಾಡೋ ಹೀರೋನನ್ನು ತೋರಿಸಿಬಿಡ್ತಾರೆ. ಥಿಯೇಟರಲ್ಲಿ ಕೂತಾಗ ಕಣ್ಣು ಆ ಹಗ್ಗವನ್ನೇ ಹುಡುಕುತ್ತೆ. ನಷ್ಟ ನಮ್ಮದು.

ಇದಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನೂ ಹೇಳಬೇಕು. ಡಿಸ್ನಿ ಈ ಸಿನಿಮಾಕ್ಕಾಗಿ ನಿಜವಾಗಿಯೂ ಐರ್ಲೆಂಡಿಗೆ ಹೋಗಿದ್ದರು, 1946ರಲ್ಲಿ. ಅಲ್ಲಿನ ಐರಿಷ್ ಜಾನಪದ ಆಯೋಗ ಅವರಿಗೆ ನೆರವಾಯಿತು. ಅದರ ಮುಖ್ಯಸ್ಥ ಶೇಮಸ್ ಡೆಲಾರ್ಗಿಗೆ ಡಿಸ್ನಿ ಬರೀ ಲೆಪ್ರಿಕಾನ್ ಹಿಂದೆ ಬೀಳೋದು ಬೇಕಿರಲಿಲ್ಲ, ದೊಡ್ಡ ವೀರಕಥೆಗಳ ಕಡೆ ಅವರನ್ನು ಎಳೆಯೋಕೆ ನೋಡಿದರು. ಆಗಲಿಲ್ಲ. ಡೆಲಾರ್ಗಿ ಸಂಕಟ ನನಗೆ ಅರ್ಥವಾಗುತ್ತೆ. 1937ರಿಂದ 1939ರವರೆಗೆ ಅದೇ ಆಯೋಗ ಶಾಲೆ ಮಕ್ಕಳ ಕೈಗೆ ಪುಸ್ತಕ ಕೊಟ್ಟು, ಮನೆಯ ಹಿರಿಯರು ಹೇಳೋದನ್ನೆಲ್ಲ ಬರೆದುಕೊಂಡು ಬನ್ನಿ ಅಂತ ಕಳಿಸಿತ್ತು. ಔಷಧಿ, ಹಬ್ಬ, ಬರಗಾಲದ ನೆನಪು, ಬಾವಿಯ ಕಥೆ, ಎಲ್ಲ ಬಂತು. ಇಷ್ಟು ದೊಡ್ಡ ಕಣಜದಿಂದ ಜಗತ್ತಿಗೆ ಹೋಗಿದ್ದು ಹಸಿರು ಟೋಪಿಯ ಒಬ್ಬ ಕುಳ್ಳ ಮಾತ್ರ ಅಂದರೆ ಯಾರಿಗೆ ನೋವಾಗಲ್ಲ? ಐರ್ಲೆಂಡಿನ ಜನರಿಗೆ ಆ ಟೋಪಿ ಕುಳ್ಳನ ಬೊಂಬೆ ಕಂಡರೆ ಸಿಟ್ಟು ಬಂದರೆ ಅದು ಸರಿಯೇ.

ಆದರೂ ಡಿಸ್ನಿ ಪರವಾಗಿ ಒಂದು ಮಾತು ಹೇಳ್ತೀನಿ. ಆ ಮಕ್ಕಳ ಪುಸ್ತಕಗಳು ಈಗ ದೂಖಸ್ ಅನ್ನೋ ಜಾಲತಾಣದಲ್ಲಿವೆ, ತೆರೆದು ನೋಡಿ. ದುಂಡು ಅಕ್ಷರದಲ್ಲಿ ಕಥೆ, ಎಷ್ಟೋ ಕಡೆ ಕೆಳಗೆ ಹೇಳಿದವರ ಹೆಸರು, ವಯಸ್ಸು, ಊರು. ಆಮೇಲೆ ಸಿನಿಮಾ ಹಾಕಿ. ಶುರುವಿನಲ್ಲೇ ವಾಲ್ಟ್ ಡಿಸ್ನಿ ಸಹಿಯ ಜೊತೆ ಒಂದು ಧನ್ಯವಾದ ಬರುತ್ತೆ: ಸಹಕಾರ ಕೊಟ್ಟ ನಾಕ್‌ನಶೀಗಾದ ರಾಜ ಬ್ರಯನ್‌ಗೆ, ಅವನ ಲೆಪ್ರಿಕಾನ್‌ಗಳಿಗೆ. ಅಲ್ಲೂ ಹೆಸರಿದೆ, ಊರಿದೆ.