ಇಪ್ಪತ್ತೈದರ ಆಸುಪಾಸಿನಲ್ಲಿ ಒಮ್ಮೆ ಅಳೆಸಿಕೊಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆನ್ನು ನೋವು ಬಂದರೆ ಮೂಳೆ ಡಾಕ್ಟರ ಹತ್ತಿರ ಹೋಗುತ್ತೇವೆ. ಕೆಮ್ಮು, ದಮ್ಮು ಬಂದರೆ ಎದೆ ಡಾಕ್ಟರ ಹತ್ತಿರ. ಆದರೆ ನಮ್ಮ ಹನ್ನೆರಡು ಜೊತೆ ಪಕ್ಕೆಲುಬುಗಳೂ ಹಿಂದುಗಡೆ ಬೆನ್ನುಮೂಳೆಗೇ ಕೂಡಿಕೊಂಡಿವೆ. ಉಸಿರು ಎಳೆದಾಗ ಅವು ಬಕೆಟ್ಟಿನ ಹಿಡಿಯ ಹಾಗೆ ಪಕ್ಕಕ್ಕೆ ಮೇಲೇಳುತ್ತವೆ. ಆ ಕೀಲುಗಳು ಬಿಗಿದರೆ ಎದೆ ಅರಳುವುದಿಲ್ಲ. ಅದಕ್ಕೇ ಇವತ್ತು ಎರಡನ್ನೂ ಸೇರಿಸಿ ಮಾತಾಡುತ್ತೇನೆ.

ನಾನು ಫಿಸಿಯೋಥೆರಪಿಸ್ಟ್. ಬೆಂಗಳೂರಿನ ಹೊರವರ್ತುಲ ರಸ್ತೆಯ ಆಫೀಸುಗಳಿಂದ ಹುಡುಗರು, ಹುಡುಗಿಯರು ಎಂಆರ್‌ಐ ಕವರು ಹಿಡಿದುಕೊಂಡು ಬರುತ್ತಾರೆ. ಸಾವಿರಾರು ರೂಪಾಯಿ ಖರ್ಚಾಗಿರುತ್ತದೆ. ಆದರೆ ಅವರ ಬೆನ್ನಿಗೆ ಯಾರೂ ಒಂದು ಟೇಪು ಹಿಡಿದಿರುವುದಿಲ್ಲ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಟೇಪಿನ ಕೆಲಸ ಏನು ಅಂತ ಹೇಳುತ್ತೇನೆ. ಸೊಂಟದ ಹಿಂದೆ, ಬೆನ್ನಿನ ಬುಡದಲ್ಲಿ ಎರಡು ಚಿಕ್ಕ ಗುಳಿಗಳಿರುತ್ತವೆ, ಅಲ್ವಾ? ಆ ಗುಳಿಗಳ ನಡುವೆ ಪೆನ್ನಿನಲ್ಲಿ ಒಂದು ಗೆರೆ. ಅಲ್ಲಿಂದ ನೇರ ಮೇಲಕ್ಕೆ 10 ಸೆಂಟಿಮೀಟರಿಗೆ ಇನ್ನೊಂದು ಗೆರೆ. ಈಗ ಮಂಡಿ ಮಡಿಸದೆ ಮುಂದಕ್ಕೆ ಬಾಗಬೇಕು. ಚೆನ್ನಾಗಿ ಬಾಗುವ ಬೆನ್ನಿನಲ್ಲಿ ಚರ್ಮ ಹಿಗ್ಗಿ ಆ 10 ಸೆಂಟಿಮೀಟರು ಹೆಚ್ಚುಕಮ್ಮಿ 15 ಆಗುತ್ತದೆ. ಜರ್ಮನಿಯ ವೈದ್ಯ ಪಾಲ್ ಶೋಬರ್ 1937ರಲ್ಲಿ ಹೇಳಿಕೊಟ್ಟ ಅಳತೆ ಇದು. ಅದು 12ರಲ್ಲೇ ನಿಂತುಬಿಟ್ಟರೆ ನಾನು ಅದೇ ಟೇಪನ್ನು ಎದೆಯ ಸುತ್ತ ಕಟ್ಟುತ್ತೇನೆ. ಪೂರ್ತಿ ಉಸಿರು ಬಿಟ್ಟಾಗ ಒಂದು ಅಳತೆ, ಪೂರ್ತಿ ಎಳೆದಾಗ ಇನ್ನೊಂದು. ಯುವಕರಲ್ಲಿ ಸಾಮಾನ್ಯವಾಗಿ 5 ಸೆಂಟಿಮೀಟರಿನಷ್ಟು ವ್ಯತ್ಯಾಸ ಸಿಗಬೇಕು. ಎರಡೂವರೆಗಿಂತ ಕಡಿಮೆ ಬಂದರೆ ಸುಮ್ನೆ ಬಿಡುವ ಹಾಗಿಲ್ಲ.

ಯಾಕೆ ಅಂದರೆ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನುವ ಕಾಯಿಲೆ ಶುರುವಾಗುವುದೇ ಈ ವಯಸ್ಸಿನಲ್ಲಿ. ಬೆನ್ನಿನ ಕೀಲುಗಳಲ್ಲಿ ಉರಿಯೂತ ಬಂದು, ವರ್ಷಗಳು ಕಳೆದಂತೆ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳಬಹುದು. ಎದೆಗೂಡೂ ಬಿಗಿಯುತ್ತದೆ. ಇದರ ಗುರುತು ತಿಳಿದಿರಲಿ. ಬೆಳಗ್ಗೆ ಎದ್ದಾಗ ಬೆನ್ನು ಅರ್ಧ ಗಂಟೆಗೂ ಜಾಸ್ತಿ ಹೊತ್ತು ಹಿಡಿದುಕೊಂಡಿರುತ್ತದೆ. ಓಡಾಡಿದರೆ ಹಗುರಾಗುತ್ತದೆ, ಮಲಗಿದರೆ ಹೆಚ್ಚಾಗುತ್ತದೆ. ನಸುಕಿನ ಮೂರು ನಾಲ್ಕು ಗಂಟೆಗೆ ನೋವಿಗೇ ಎಚ್ಚರವಾಗುತ್ತದೆ. ಕೂತು ಕೂತು ಬಂದ ನೋವು ಹೀಗಿರುವುದಿಲ್ಲ. ಇದು ಮೂರು ತಿಂಗಳಾದರೂ ಬಿಡದಿದ್ದರೆ ರುಮಟಾಲಜಿಸ್ಟ್, ಅಂದರೆ ಕೀಲುವಾತದ ಡಾಕ್ಟರನ್ನು ಕಾಣಿ. ಬೇಗ ಗೊತ್ತಾದರೆ ಈಗ ಒಳ್ಳೆಯ ಔಷಧಿಗಳಿವೆ. ಬೆನ್ನು ಬಾಗುವುದನ್ನು ಉಳಿಸಿಕೊಳ್ಳಬಹುದು.

ಬೆನ್ನು ಪಕ್ಕಕ್ಕೆ ಸೊಟ್ಟಗಾಗುವುದು ಬೇರೆ, ಅದು ಸ್ಕೋಲಿಯೋಸಿಸ್. ಎಕ್ಸ್‌ರೇಯಲ್ಲಿ ಸೊಟ್ಟು ಎಷ್ಟಿದೆ ಅಂತ ಅಳೆಯುತ್ತಾರೆ, ಆ ಅಳತೆಗೆ ಕಾಬ್ ಕೋನ ಅನ್ನುತ್ತಾರೆ. ಅದು 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್ ಅಂತ ಲೆಕ್ಕ. ಸಣ್ಣ ಸೊಟ್ಟು ಇರುವವರು ಗಾಬರಿ ಬೀಳಬೇಕಿಲ್ಲ. ಎದೆಯ ಭಾಗದ ಸೊಟ್ಟು 70, 80 ಡಿಗ್ರಿ ಆದಾಗ ಮಾತ್ರ ಉಸಿರಿಗೆ ದೊಡ್ಡ ಪೆಟ್ಟು.

ಇನ್ನು ಶ್ವಾಸಕೋಶ. ಅದಕ್ಕೆ ಸ್ಪೈರೋಮೆಟ್ರಿ ಇದೆ, ನಮ್ಮ ಜನ ಊದೋ ಟೆಸ್ಟ್ ಅನ್ನುತ್ತಾರೆ. ಮೂಗಿಗೆ ಕ್ಲಿಪ್ಪು ಹಾಕುತ್ತಾರೆ. ನೆಟ್ಟಗೆ ಕೂತು, ಎದೆ ತುಂಬ ಗಾಳಿ ಎಳೆದು, ಕೊಳವೆಗೆ ಒಂದೇ ರಭಸಕ್ಕೆ ಊದಬೇಕು. ಟೆಕ್ನಿಷಿಯನ್ನು ಪಕ್ಕದಲ್ಲೇ ನಿಂತು "ಊದಿ, ಊದಿ, ಇನ್ನೂ, ಇನ್ನೂ, ನಿಲ್ಲಿಸಬೇಡಿ" ಅಂತ ಕೂಗುತ್ತಿರುತ್ತಾರೆ. ಅವರು ಕೂಗಲೇಬೇಕು. ಗಾಳಿ ಮುಗಿಯಿತು ಅನ್ನಿಸಿದ ಮೇಲೂ ಒಳಗೆ ಸ್ವಲ್ಪ ಉಳಿದಿರುತ್ತದೆ. ಕಡಿಮೆ ಅಂದರೂ ಮೂರು ಸಲ ಸರಿಯಾಗಿ ಊದಬೇಕು. ಒಂದಕ್ಕೊಂದು ಹೊಂದದಿದ್ದರೆ ಮತ್ತೆ ಊದಿಸುತ್ತಾರೆ.

ಯುವಕರು ಒಟ್ಟು ಗಾಳಿಯಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಮೊದಲ ಸೆಕೆಂಡಿನಲ್ಲೇ ಹೊರಹಾಕುತ್ತಾರೆ. ಆಸ್ತಮಾ ಇದ್ದರೆ ಆ ಪಾಲು ಇಳಿಯುತ್ತದೆ. ಬೆನ್ನು, ಎದೆ ಬಿಗಿದವರಲ್ಲಿ ಪಾಲು ಸರಿಯಾಗೇ ಇರುತ್ತದೆ, ಒಟ್ಟು ಗಾಳಿಯೇ ಕಮ್ಮಿ ಬರುತ್ತದೆ. ಎತ್ತರ ಹೆಚ್ಚಿದಷ್ಟೂ ಗಾಳಿ ಜಾಸ್ತಿ ಅಂತ ಲಂಡನ್ನಿನ ವೈದ್ಯ ಜಾನ್ ಹಚಿನ್‌ಸನ್ 1846ರಲ್ಲೇ ತೋರಿಸಿದ್ದರು. ಅದಕ್ಕೇ ಟೆಸ್ಟಿಗೆ ಮುಂಚೆ ಎತ್ತರ ಅಳೆಯುತ್ತಾರೆ. ಬೆನ್ನು ಸೊಟ್ಟಗಿದ್ದವರಿಗೆ ಎತ್ತರ ನಂಬುವ ಹಾಗಿಲ್ಲ. ಅವರ ಕೈಗಳನ್ನು ಎರಡೂ ಕಡೆ ಚಾಚಿಸಿ, ಬೆರಳ ತುದಿಯಿಂದ ಬೆರಳ ತುದಿಗೆ ಅಳೆಯಬೇಕು.

ಕಾಯಿಲೆ ಇಲ್ಲದವರಿಗೆ ಇದೆಲ್ಲ ಯಾಕೆ ಅಂತ ಕೇಳುತ್ತೀರಿ. ಶ್ವಾಸಕೋಶದ ಬಲ ಇಪ್ಪತ್ತರಿಂದ ಇಪ್ಪತ್ತೈದರ ಸುಮಾರಿಗೆ ತುತ್ತತುದಿ ಮುಟ್ಟುತ್ತದೆ. ಆಮೇಲೆ ಎಲ್ಲರಿಗೂ ನಿಧಾನಕ್ಕೆ ಇಳಿತವೇ. ರಿಪೋರ್ಟಿನಲ್ಲಿ ನಿಮ್ಮನ್ನು ನಿಮ್ಮ ವಯಸ್ಸಿನ, ಎತ್ತರದ ಸರಾಸರಿಗೆ ಹೋಲಿಸಿರುತ್ತಾರೆ. ಸರಾಸರಿಯನ್ನು ನೂರು ಅಂತ ಇಟ್ಟುಕೊಂಡರೆ, ಇಪ್ಪತ್ತೈದರಲ್ಲಿ 110 ಇದ್ದವರು ಮೂವತ್ತೈದರಲ್ಲಿ 85ಕ್ಕೆ ಇಳಿದರೂ ರಿಪೋರ್ಟು "ನಾರ್ಮಲ್" ಅಂತಲೇ ಬರುತ್ತದೆ. ಅಷ್ಟು ಕಳೆದುಹೋಗಿದೆ ಅಂತ ತಿಳಿಯಬೇಕಾದರೆ ಹಳೆಯ ಕಾಗದ ಕೈಯಲ್ಲಿರಬೇಕು. ಬೆಂಗಳೂರಿನಲ್ಲಿ ರಸ್ತೆ ಧೂಳು, ಪಾರ್ಥೇನಿಯಂ ಪರಾಗ, ಬಾಲ್ಕನಿ ತುಂಬ ಪಾರಿವಾಳದ ಹಿಕ್ಕೆ ಎಲ್ಲ ಇವೆ. ಈ ಊರಲ್ಲಿ ಆ ಕಾಗದಕ್ಕೆ ಇನ್ನೂ ಬೆಲೆ ಜಾಸ್ತಿ ಅಂತ ನನ್ನ ಅಭಿಪ್ರಾಯ. ವರ್ಷಾವರ್ಷ ಮಾಡಿಸಿ ಅನ್ನುತ್ತಿಲ್ಲ. ಒಂದು ಸಲ ಸರಿಯಾಗಿ ಮಾಡಿಸಿ, ಫೋಟೋ ತೆಗೆದು ಇಟ್ಟುಕೊಳ್ಳಿ.

ಊದೋ ಟೆಸ್ಟ್ ಎಲ್ಲಿ ಮಾಡಿಸಬೇಕು ಅಂತೀರಾ? ನಿಮ್ಹಾನ್ಸ್ ಹತ್ತಿರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಸರ್ಕಾರಿ ಆಸ್ಪತ್ರೆ. ದೊಡ್ಡ ಆಸ್ಪತ್ರೆಗಳಲ್ಲಿ ಎದೆರೋಗ ವಿಭಾಗ ಇರುವ ಕಡೆಯೂ ಊದಿಸುತ್ತಾರೆ. ಹೋಗುವ ಮುಂಚೆ ಹೊಟ್ಟೆ ಬಿರಿಯ ಊಟ ಬೇಡ, ಬಿಗಿ ಬಟ್ಟೆ ಬೇಡ, ಸಿಗರೇಟು ಬೇಡ. ಇನ್‌ಹೇಲರ್ ತೆಗೆದುಕೊಳ್ಳುವವರು ಅವತ್ತು ಬೆಳಗ್ಗೆ ಅದನ್ನು ನಿಲ್ಲಿಸಬೇಕೋ ಬೇಡವೋ ಅಂತ ಮೊದಲೇ ಡಾಕ್ಟರನ್ನು ಕೇಳಿ. ಇತ್ತೀಚೆಗೆ ಕಣ್ಣಿನದೋ ಹೊಟ್ಟೆಯದೋ ಆಪರೇಷನ್ ಆಗಿದ್ದರೆ ಊದುವ ಮುಂಚೆ ಅದನ್ನು ಖಂಡಿತ ಹೇಳಿ.

ನಮಸ್ಕಾರ.