ಕೊಳವೆ ಹೂತ ಮೇಲೆ ಜುಟ್ಟು ಯಾರ ಕೈಲಿ?

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನೊಳಗೆ ಸೈನ್ಯ ನುಗ್ಗಿಸಿತು. ಮೇಲೆ ಟ್ಯಾಂಕು, ಕ್ಷಿಪಣಿ. ಆದರೆ ಅದೇ ನೆಲದಡಿಯ ಕೊಳವೆಗಳಲ್ಲಿ ರಷ್ಯಾದ ಗ್ಯಾಸ್ ಯುರೋಪಿಗೆ ಹೋಗುತ್ತಲೇ ಇತ್ತು, ಅದಕ್ಕೆ ರಷ್ಯಾ ಉಕ್ರೇನಿಗೆ ಸಾಗಣೆ ದುಡ್ಡನ್ನೂ ಕೊಡುತ್ತಿತ್ತು! ಪೂರ್ತಿ ಕೊಡುತ್ತಿಲ್ಲ ಅಂತ ಜಗಳ ಬೇರೆ. ಇದು ನಿಂತಿದ್ದು 2025ರ ಜನವರಿ 1ಕ್ಕೆ, ಐದು ವರ್ಷದ ಒಪ್ಪಂದದ ಗಡುವು ಮುಗಿದಾಗ.

ಇದನ್ನು ಸಹಕಾರ ಅನ್ನಬೇಕಾ? ನಾನಂತೂ ಅನ್ನುತ್ತೇನೆ. ಪ್ರೀತಿಯಿಂದ ಅಲ್ಲ, ಬೇರೆ ದಾರಿಯಿಲ್ಲದೆ.

ನೋಡಿ, ಎಣ್ಣೆ ತುಂಬಿದ ಹಡಗು ಒಂದು ಬಂದರು ಬೇಡವೆಂದರೆ ಇನ್ನೊಂದಕ್ಕೆ ಹೋಗುತ್ತದೆ. 1.4 ಮೀಟರ್ ಅಗಲದ ಉಕ್ಕಿನ ಕೊಳವೆಯನ್ನು ಸಾವಿರಾರು ಕಿಲೋಮೀಟರ್ ಹೂತ ಮೇಲೆ ಕಿತ್ತು ಬೇರೆ ಕಡೆ ಇಡೋಕಾಗಲ್ಲ, ಅಲ್ವಾ? ಸೈಬೀರಿಯಾದ ಲೈನ್‌ಗಳನ್ನು ಉಕ್ರೇನ್ ಮೇಲೆ ಹಾಯಿಸಿದಾಗ ಅದೆಲ್ಲ ಒಂದೇ ದೇಶ, ಸೋವಿಯತ್ ಒಕ್ಕೂಟ. 1991ರಲ್ಲಿ ಕೊಳವೆ ಕದಲಲಿಲ್ಲ, ನಡುವೆ ಗಡಿ ಬಂತು. ಅವತ್ತಿಂದ ಚೌಕಾಸಿ ಶುರು.

2009ರ ಜನವರಿಯಲ್ಲಿ ಇಬ್ಬರ ಜಗಳದಲ್ಲಿ ಸುಮಾರು ಎರಡು ವಾರ ಗ್ಯಾಸ್ ನಿಂತಿತು. ಕೊರೆಯುವ ಚಳಿ. ಪೆಟ್ಟು ಬಿದ್ದಿದ್ದು ಬಲ್ಗೇರಿಯಾ, ಸ್ಲೊವಾಕಿಯಾದಂಥ ಮೂರನೆಯವರಿಗೆ. ಕೆಲವೇ ದಿನಗಳ ಹಿಂದೆ ನಿಲ್ಲಿಸಿದ್ದ ಅಣು ರಿಯಾಕ್ಟರನ್ನೇ ಮತ್ತೆ ಶುರು ಮಾಡಲು ಸ್ಲೊವಾಕಿಯಾ ಹೊರಟಿತ್ತು.

ಆಗ ಎಲ್ಲರೂ ಇನ್ನೊಂದು ದಾರಿ ಹುಡುಕತೊಡಗಿದರು. ನನಗೆ ತುಂಬಾ ಇಷ್ಟದ ಕಥೆ ಲಿಥುವೇನಿಯಾದ್ದು. ಆಗ ಅದರ ಅಷ್ಟೂ ಗ್ಯಾಸ್ ರಷ್ಯಾದ್ದೇ. ದ್ರವ ರೂಪದ ಗ್ಯಾಸನ್ನು ಮತ್ತೆ ಅನಿಲ ಮಾಡುವ ಒಂದು ಹಡಗನ್ನು ಬಾಡಿಗೆಗೆ ಹಿಡಿದು, ಅದಕ್ಕೆ 'ಸ್ವಾತಂತ್ರ್ಯ' ಅಂತ ಹೆಸರಿಟ್ಟರು. ಹಡಗು ಕ್ಲೈಪೆಡಾ ಬಂದರಿಗೆ ಬಂದಿದ್ದು 2014ರ ಅಕ್ಟೋಬರ್‌ನಲ್ಲಿ. ರಷ್ಯಾದ ಸರ್ಕಾರಿ ಗ್ಯಾಸ್ ಕಂಪನಿ ಗಾಜ್‌ಪ್ರಾಮ್ ದರವನ್ನು ಸುಮಾರು ಶೇ. 20 ಇಳಿಸಿದ್ದು ಅದೇ ವರ್ಷದ ಮೇನಲ್ಲಿ. ಹಡಗು ಇನ್ನೂ ಬಂದೇ ಇರಲಿಲ್ಲ ಮಾರಾಯ್ರೇ!

ರಷ್ಯಾ ಆಡಿದ್ದೂ ಇದೇ ಆಟ. 2011ರಲ್ಲಿ ಬಾಲ್ಟಿಕ್ ಸಮುದ್ರದಡಿ ರಷ್ಯಾದಿಂದ ನೇರ ಜರ್ಮನಿಗೆ 1,224 ಕಿಲೋಮೀಟರ್ ನಾರ್ಡ್ ಸ್ಟ್ರೀಮ್ ಕೊಳವೆ ಶುರುವಾಯಿತು, ವರ್ಷಕ್ಕೆ 5,500 ಕೋಟಿ ಘನ ಮೀಟರ್ ಸಾಗಿಸುವಷ್ಟು ದೊಡ್ಡದು. ಉಕ್ರೇನಿನ ಕೊಳವೆಗಳಲ್ಲಿ ಜಾಗ ಇರಲಿಲ್ಲವಾ? ಬೇಕಾದಷ್ಟಿತ್ತು. ಅಷ್ಟು ದುಡ್ಡು ಸುರಿದಿದ್ದು ಗ್ಯಾಸ್ ಸಾಗಿಸುವುದಕ್ಕಿಂತ ಜಾಸ್ತಿ ಉಕ್ರೇನಿನ ಕೈಯಿಂದ ಜುಟ್ಟು ಬಿಡಿಸಿಕೊಳ್ಳೋಕೆ ಅನ್ನೋದು ನನ್ನ ಅಭಿಪ್ರಾಯ.

ಆ ನಾರ್ಡ್ ಸ್ಟ್ರೀಮ್ 2022ರ ಸೆಪ್ಟೆಂಬರ್‌ನಲ್ಲಿ ಸ್ಫೋಟಕ್ಕೆ ಸಿಕ್ಕಿ ಒಡೆಯಿತು. ಈಗ ದೊಡ್ಡ ಗಿರಾಕಿ ಅಂದರೆ ಚೀನಾ. ಆದರೆ 2019ರಿಂದ ಅಲ್ಲಿಗೆ ಹೋಗುತ್ತಿರುವ ಕೊಳವೆ ಪೂರ್ವ ಸೈಬೀರಿಯಾದ ಬಾವಿಗಳದ್ದು. ಯುರೋಪಿಗೆ ಗ್ಯಾಸ್ ಕೊಡುತ್ತಿದ್ದ ಪಶ್ಚಿಮದ ಬಾವಿಗಳಿಗೆ ಹೊಸ ಕೊಳವೆಯೇ ಬೇಕು. ಅದರ ದರದ ಮಾತು ವರ್ಷಗಳಿಂದ ಎಳೆದಾಡುತ್ತಿದೆ. ಚೀನಾಕ್ಕೇನು, ತುರ್ಕ್‌ಮೆನಿಸ್ತಾನದ ಲೈನ್ 2009ರಿಂದಲೇ ಇದೆ, ಹಡಗಿನ ಗ್ಯಾಸೂ ಬರುತ್ತದೆ. ಅವಸರ ಏನಿದ್ದರೂ ಮಾರುವವರಿಗೆ.